ಮರಣಶಾಸನ ಎಂದರೆ ಕಲ್ಲಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮ ಹೋಬಳಿಯ ಕಚೇರಿಯಲ್ಲಿ ನಡೆದ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ) ಶಿಬಿರದ ವರದಿಯನ್ನೂ ಅದರ ಜೊತೆಗಿದ್ದ ನಗುಮುಖದ ಫೋಟೊವನ್ನೂ ನೋಡಿದೆ. ಅರ್ಜಿಗಳು ಸ್ಥಳದಲ್ಲೇ ಇತ್ಯರ್ಥವಾದವಂತೆ. ಆ ಫೋಟೊದ ಎಡತುದಿಯಲ್ಲಿ ಅರ್ಧ ಕತ್ತರಿಸಿಹೋಗಿರುವ ಸೀರೆಯ ಸೆರಗು ನನ್ನದು. ನನ್ನ ಅರ್ಜಿಯೂ ಸ್ಥಳದಲ್ಲೇ ಇತ್ಯರ್ಥವಾಯಿತು. ಕೊಟ್ಟ ಎರಡು ನಿಮಿಷಕ್ಕೆ ವಾಪಸು ಕೈಗೆ ಬಂತು.

ನಮ್ಮ ತಂದೆಯವರು ಬಾವಿಯ ಪಕ್ಕದ ಜಮೀನು ನನಗೆ ಸೇರಬೇಕೆಂದು ತಮ್ಮ ಕೈಬರಹದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಹಾಳೆಯ ನೆತ್ತಿಯ ಮೇಲೆ ‘ಮರಣಶಾಸನ’ ಎಂದು ದಪ್ಪಗೆ ಬರೆದಿಟ್ಟಿದ್ದರು. ಮೇಜಿನ ಆಚೆಗಿದ್ದ ಯುವಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಶಾಸನ ಅಮ್ಮಾ, ಉಯಿಲು ಇದ್ದರೆ ತನ್ನಿ” ಎಂದರು. ಶಾಸನವನ್ನು ಪುರಾತತ್ವ ಇಲಾಖೆಗೆ ಕೊಡಬೇಕು ಎಂದು ಪಕ್ಕದವರು ಸೇರಿಸಿದರು. ಎಲ್ಲರೂ ನಕ್ಕರು. ಬೆಳಗಿನ ಮೊದಲ ಬಸ್ಸಿಗೆ ಓಡಿ, ಮಂಡಿನೋವಿನಲ್ಲಿ ಮೂರು ಗಂಟೆ ನಿಂತಿದ್ದ ನನಗೆ ಮಾತ್ರ ನಗು ಬರಲಿಲ್ಲ.

ಉಯಿಲು ಎಂಬುದು ಎಲ್ಲಿಂದ ಬಂತೆಂದು ಆ ಮಹಾಶಯರಿಗೆ ಗೊತ್ತೇ? ಇಂಗ್ಲಿಷಿನ ‘ವಿಲ್’ ನಮ್ಮ ನಾಲಗೆಯ ಮೇಲೆ ಹೊರಳಿ, ಕೊನೆಗೊಂದು ಉಕಾರ ಅಂಟಿಸಿಕೊಂಡು ಉಯಿಲು ಆಯಿತು. ತಮಿಳರ ಬಾಯಲ್ಲಿ ಅದೇ ‘ಉಯಿಲ್’. ಮೂಲದಲ್ಲಿ ಅದಕ್ಕೆ ಇಚ್ಛೆ ಎಂದಷ್ಟೇ ಅರ್ಥ. ಸಾವಿನ ಸುದ್ದಿಯೇ ಅದರಲ್ಲಿಲ್ಲ. ಶಾಸನವೆಂದರೆ ಆಜ್ಞೆ. ಕಲ್ಲಿನ ಮೇಲೆ ಕೆತ್ತಿದರೂ ಆಜ್ಞೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದರೂ ಆಜ್ಞೆ. ತಾನು ಸತ್ತ ಮೇಲೆ ಜಾರಿಗೆ ಬರಲಿ ಎಂದು ಬರೆದದ್ದು ಮರಣಶಾಸನ, ಉಯಿಲು ಎಂದರೂ ಅದೇ. ಮರಾಠಿಯವರು ಇದನ್ನೇ ಮೃತ್ಯುಪತ್ರ ಎನ್ನುತ್ತಾರೆ. ಎರವಲು ಪದಕ್ಕೆ ಕುರ್ಚಿ ಹಾಕಿ, ಅರ್ಥ ಬಿಚ್ಚಿ ಹೇಳುವ ಪದವನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ?

ಎರವಲಿನ ಮೇಲೆ ನನಗೆ ದ್ವೇಷವಿಲ್ಲ. ಶಿಬಿರದ ಬ್ಯಾನರಿನಲ್ಲಿದ್ದ ‘ಪೌತಿ’ಯೇ ಅರಬ್ಬಿಯಿಂದ ಬಂದದ್ದು, ಸಾವು ಎಂದರ್ಥ. ವಾರಸುದಾರ, ತಹಶೀಲ್ದಾರ, ಹಕ್ಕು ಎಲ್ಲವೂ ಅರಬ್ಬಿ, ಪಾರಸಿಗಳಿಂದ ಬಂದು ಮನೆಯವರಾದವು. ‘ತಕರಾರು’ ಕೂಡ ಅರಬ್ಬಿಯದೇ. ಅಲ್ಲಿ ಅದಕ್ಕೆ ಮತ್ತೆ ಮತ್ತೆ ಮಾಡುವುದು ಎಂಬ ಅರ್ಥ. ಈ ಕಚೇರಿಗೆ ಇದು ನನ್ನ ನಾಲ್ಕನೆಯ ಅಲೆದಾಟ. ಒಂದು ಪದವಾದರೂ ಇಲ್ಲಿ ಮೂಲಾರ್ಥಕ್ಕೆ ನಿಷ್ಠವಾಗಿದೆ.

ಕಾನೂನಾದರೂ ಏನು ಹೇಳುತ್ತದೆ? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳನ್ನು. 74ನೇ ಕಲಂ ಇನ್ನೂ ಸ್ಪಷ್ಟ: ಪಾರಿಭಾಷಿಕ ಪದಗಳೇ ಬೇಕೆಂದಿಲ್ಲ, ಬರೆದವರ ಉದ್ದೇಶ ತಿಳಿದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಇದನ್ನು ಹೇಳಿದ್ದಕ್ಕೆ “ಕಂಪ್ಯೂಟರಿನಲ್ಲಿ ಉಯಿಲು ಎಂದು ಮಾತ್ರ ಇದೆ” ಎಂದರು. ಕಂಪ್ಯೂಟರಿಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ! ನಮ್ಮ ಕಲ್ಯಾಣದಲ್ಲಿ (ಇಂದಿನ ಬಸವಕಲ್ಯಾಣ) ಚಾಲುಕ್ಯರ ಕಾಲದ ಪಂಡಿತ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ‘ಮಿತಾಕ್ಷರ’ವನ್ನು ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳಲ್ಲಿ ದೇಶದ ನ್ಯಾಯಾಲಯಗಳು ಆಧಾರವಾಗಿ ಹಿಡಿದವು. ಈ ಕಚೇರಿಯವರು ಮಾತ್ರ ಆ ಹೆಸರನ್ನು ತಮ್ಮ ವಿದ್ಯಾಭ್ಯಾಸಕ್ಕೆ ಅನ್ವಯಿಸಿಕೊಂಡಂತಿದೆ.

ದಾಯವೆಂದರೆ ಪಾಲು, ಅದನ್ನು ಪಡೆಯುವವನು ದಾಯಾದ. ಆಡುಮಾತಿನಲ್ಲಿ ದಾಯಾದಿ ಎಂದರೆ ಜಗಳಗಂಟನೆಂದೇ ಲೆಕ್ಕ. ನನ್ನ ಇಬ್ಬರು ತಮ್ಮಂದಿರು ತುಟಿಪಿಟಕ್ಕೆನ್ನದೆ ಒಪ್ಪಿಗೆಪತ್ರ ಬರೆದುಕೊಟ್ಟಿದ್ದಾರೆ. ದಾಯಾದಿಯ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿದೆ.

ಇದು ಇಂದಿನ ಕಥೆಯೂ ಅಲ್ಲ. ಪಹಣಿಯಲ್ಲಿ ತಂದೆಯವರ ಹೆಸರಿನ ಒಂದು ದೀರ್ಘ ತಪ್ಪಿದ್ದನ್ನು ಸರಿಪಡಿಸಲು ಇದೇ ಕಚೇರಿ ಅವರನ್ನು ಎರಡು ಮಳೆಗಾಲ ಅಲೆಸಿತ್ತು. ಕೊನೆಗೆ ಬಂದದ್ದು ದೀರ್ಘವೂ ಇಲ್ಲದ, ಒತ್ತಕ್ಷರವೂ ಇಲ್ಲದ ಇನ್ಯಾರದೋ ಹೆಸರು. ಪಡಿತರ ಚೀಟಿಯಲ್ಲಿ ನಾನು ಇಂದಿಗೂ ‘ಪುರುಷ’. ಅಲ್ಲಿಯ ಮಹಿಳಾ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆಯೆಂಬುದು ಯಾವ ಕಂಪ್ಯೂಟರಿಗೂ ತಿಳಿದಿಲ್ಲ. ಕೇಳಿದರೆ “ಸಾಹೇಬರು ಮೀಟಿಂಗಿನಲ್ಲಿದ್ದಾರೆ” ಎನ್ನುತ್ತಾರೆ, ಬೀಗದ ಕೈ ಸಾಹೇಬರ ಕಿಸೆಯಲ್ಲಿದೆಯೋ ಏನೋ.

ಆದ್ದರಿಂದ ಸಂಬಂಧಪಟ್ಟವರು ಪ್ರತಿ ಕಚೇರಿಗೆ ಒಂದು ಕನ್ನಡ ನಿಘಂಟು ಕೊಡಿಸಲಿ. ಅದನ್ನು ತೆರೆದು ನೋಡುವವರನ್ನೂ ನೇಮಿಸಲಿ. ಅಷ್ಟೂ ಆಗದಿದ್ದರೆ ಶೌಚಾಲಯವನ್ನಾದರೂ ತೆರೆಸಲಿ, ಅಥವಾ ಫೋಟೊ ತೆಗೆಸುವುದನ್ನಾದರೂ ನಿಲ್ಲಿಸಲಿ. ಉಯಿಲಿಗೂ ಹುಯಿಲಿಗೂ ಇರುವುದು ಒಂದೇ ಅಕ್ಷರದ ಅಂತರ. ಮೊದಲನೆಯದು ಇವರಿಗೆ ಕಾಣಿಸದಿದ್ದರೆ ಎರಡನೆಯದನ್ನು ನಾವೇ ಕೇಳಿಸಬೇಕಾಗುತ್ತದೆ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಕಡತ ಇನ್ನೂ ಅವರ ಮೇಜಿನ ಮೇಲಿದೆ.

— ಸೆರಗು ಮಾತ್ರ ಕಾಣಿಸಿಕೊಂಡ ಓದುಗಿ