ಕೊಡ ಹಿಡಿದು ನಿಂತವರು ‘ಉದ್ರಿಕ್ತ ಗುಂಪು’ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮೂರಿನ ಒಂದು ಫೋಟೊ ಬಂದಿತ್ತು. ಹನ್ನೊಂದು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ನಮ್ಮ ಬಡಾವಣೆಯ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಹೋಗಿ ನಿಂತಿದ್ದೆವು. ಫೋಟೊ ಕೆಳಗೆ ‘ಕಚೇರಿಗೆ ಮುತ್ತಿಗೆ ಹಾಕಿದ ಉದ್ರಿಕ್ತ ಗುಂಪು’ ಎಂದು ಹಾಕಿದ್ದಿರಿ. ಅದೇ ಸುದ್ದಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಬಂದಿತ್ತು. ಅವರು ಬಳಸಿದ್ದು ‘ಕ್ರೌಡ್’ ಎಂಬ ಪದ. ಆ ಪದದಲ್ಲಿ ಸಿಟ್ಟೂ ಇಲ್ಲ, ಮುತ್ತಿಗೆಯೂ ಇಲ್ಲ. ಜನ ಜಾಸ್ತಿ ಇದ್ದರು ಅನ್ನುವುದಷ್ಟೇ ಇದೆ.

ನಾನು ಅಲ್ಲೇ ಇದ್ದೆ. ನಲವತ್ತು ಜನ ಇದ್ದಿರಬಹುದು. ನಲ್ಲಿ ಮುಂದೆ ಪಾಳಿಗೆ ಇಡುವ ಹಾಗೆ ಮೆಟ್ಟಿಲ ಮೇಲೆ ಕೊಡಗಳನ್ನು ಸಾಲಾಗಿ ಇಟ್ಟಿದ್ದೆವು. ಯಾರದೋ ಮೊಮ್ಮಗು ಒಂದು ಪ್ಲಾಸ್ಟಿಕ್ ಕೊಡ ಮಗುಚಿ ಹಾಕಿಕೊಂಡು ತಮಟೆ ಬಾರಿಸುತ್ತಿತ್ತು. ನಮ್ಮ ಎದುರು ಮನೆಯ ಅಜ್ಜಿಗೆ ಮಂಡಿನೋವು. ಕಚೇರಿಯ ವಾಚ್‌ಮನ್ನೇ ಒಳಗಿನಿಂದ ಕುರ್ಚಿ ತಂದು ಅವರನ್ನು ಕೂರಿಸಿದರು. ಹನ್ನೆರಡೂವರೆಗೆ ಅಧಿಕಾರಿ ಹೊರಗೆ ಬಂದು, ಸಂಜೆಗೆ ಟ್ಯಾಂಕರ್ ಕಳಿಸುತ್ತೇನೆ ಎಂದರು. ಕೊಡ ಎತ್ತಿಕೊಂಡು ಮನೆಗೆ ಬಂದೆವು.

ಅದೇ ಪುಟದ ಕೆಳಗಡೆ ಇನ್ನೊಂದು ಸುದ್ದಿ ಇತ್ತು. ‘ಮೊಬೈಲ್ ಕಳ್ಳನಿಗೆ ಸಾರ್ವಜನಿಕರಿಂದ ಧರ್ಮದೇಟು’. ಸಂತೆಯಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಕಂಬಕ್ಕೆ ಕಟ್ಟಿ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ದಾರೆ. ಪೊಲೀಸರು ಬಂದು ಬಿಡಿಸಿ ಆಸ್ಪತ್ರೆಗೆ ಸೇರಿಸಿದ್ದಾರೆ. ಇಂಗ್ಲಿಷಿನಲ್ಲಿ ‘ಮಾಬ್’ ಅನ್ನುವುದು ಇಂಥವರನ್ನು. ನಿಮ್ಮ ಪುಟದಲ್ಲಿ ಅವರು ಸಾರ್ವಜನಿಕರಾದರು, ಅವರು ಕೊಟ್ಟ ಏಟಿಗೆ ಧರ್ಮದ ಹೆಸರು ಬಂತು. ನೀರು ಕೇಳಲು ಹೋದವರು ಉದ್ರಿಕ್ತರಾದರು. ಈ ಅದಲುಬದಲು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಅದಕ್ಕೇ ಈ ಪತ್ರ.

ನಾನು ನ್ಯಾಯಾಲಯದಲ್ಲಿ 31 ವರ್ಷ ಅನುವಾದಕಿಯಾಗಿದ್ದವಳು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಬರೆದುಕೊಳ್ಳುವುದೂ ಕನ್ನಡದಲ್ಲಿ. ಅಪೀಲು ಹೈಕೋರ್ಟಿಗೆ ಹೋಗುವಾಗ ಅದನ್ನೆಲ್ಲ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಸೇರಿದ ಹೊಸತರಲ್ಲಿ ಒಂದು ಬದುವಿನ ಜಗಳದ ಕೇಸು ಬಂತು. ಒಬ್ಬ ಸತ್ತಿದ್ದ. ಸಾಕ್ಷಿ ಕುರಿ ಕಾಯುವವನು. ‘ಕೂಗು ಕೇಳಿ ಜನ ಸೇರಿದ್ರು ಸ್ವಾಮಿ’ ಅಂತ ಹೇಳಿದ್ದ. ನಾನು ‘ಎ ಮಾಬ್ ಗ್ಯಾದರ್ಡ್’ ಎಂದು ಟೈಪ್ ಮಾಡಿದೆ. ನಮ್ಮ ಶಿರಸ್ತೇದಾರರು ಓದಿ, ಹಾಳೆಯನ್ನು ನನ್ನ ಮುಂದಿಟ್ಟು, ಆ ಪದದ ಮೇಲೆ ಬೆರಳಿಟ್ಟರು. ‘ಅವನು ಸೇರಿದ್ರು ಅಂದಿದ್ದಾನೆ. ನೀನು ಅವರ ಕೈಗೆಲ್ಲ ದೊಣ್ಣೆ ಕೊಟ್ಟಿದ್ದೀಯಲ್ಲಮ್ಮ’ ಎಂದರು. ಆ ಹಾಳೆಯನ್ನು ಹರಿದು ಮತ್ತೆ ಟೈಪ್ ಮಾಡಿದೆ. ‘ಪೀಪಲ್ ಗ್ಯಾದರ್ಡ್’. ಅಷ್ಟೇ.

ಒಂದು ಪದಕ್ಕೆ ಇಷ್ಟೇಕೆ ಅಂದರೆ, ಕಾನೂನು ಹಾಗಿದೆ. ‘ಅಸೆಂಬ್ಲಿ’ ಅಂದರೆ ಒಂದು ಉದ್ದೇಶಕ್ಕೆ ಕೂಡಿದವರು. ಶಾಸಕರು ಕೂಡುವುದೂ ಅಸೆಂಬ್ಲಿ, ಶಾಲೆಯ ಮಕ್ಕಳು ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವುದೂ ಅಸೆಂಬ್ಲಿ. ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಐದು ಅಥವಾ ಹೆಚ್ಚು ಜನ ಸೇರಿ, ಅವರ ಉದ್ದೇಶ ಕಾನೂನು ಹೆಸರಿಸಿದ ತಪ್ಪುಗಳಲ್ಲಿ ಒಂದಾದರೆ ಮಾತ್ರ ಅದು ‘ಅನ್‌ಲಾಫುಲ್ ಅಸೆಂಬ್ಲಿ’, ನಮ್ಮ ಕೋರ್ಟಿನ ಕನ್ನಡದಲ್ಲಿ ಅಕ್ರಮ ಕೂಟ. ಹಳೆಯ ದಂಡ ಸಂಹಿತೆಯಲ್ಲಿ ಇದು 141ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 189. ಅಕ್ರಮ ಕೂಟ ಎಂದು ಸಾಬೀತಾದರೆ, ಆ ಉದ್ದೇಶಕ್ಕಾಗಿ ಒಬ್ಬ ಹೊಡೆದರೂ ಕೂಟದಲ್ಲಿದ್ದ ಎಲ್ಲರೂ ಹೊಣೆ. ಆದರೆ ಸುಮ್ನೆ ಕುತೂಹಲಕ್ಕೆ ಬಂದು ನೋಡುತ್ತಾ ನಿಂತವನು ಆ ಕೂಟದ ಸದಸ್ಯನಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲೇ, ಮಸಾಲ್ತಿ ಪ್ರಕರಣದಲ್ಲಿ ಹೇಳಿದೆ. ನಾನು ಮೊದಲು ಬರೆದ ‘ಮಾಬ್’ ಹಾಗೇ ಉಳಿದಿದ್ದರೆ, ಕೂಗು ಕೇಳಿ ಓಡಿ ಬಂದವರೂ ಹೊಡೆದವರ ಸಾಲಿಗೆ ಸೇರಿಬಿಡುವ ಅಪಾಯವಿತ್ತು.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡುಕೊಂಡ ಒಂದು ವಿಷಯ ಹೇಳುತ್ತೇನೆ. ಇಂಗ್ಲಿಷಿನವರು ಈ ವ್ಯತ್ಯಾಸವನ್ನು ಹೆಸರಿನಲ್ಲೇ ಇಡುತ್ತಾರೆ. ಕ್ರೌಡ್, ಮಾಬ್, ಗ್ಯಾದರಿಂಗ್, ಕಾಂಗ್ರಿಗೇಶನ್, ಆಡಿಯನ್ಸ್ ಎಲ್ಲ ಬೇರೆ ಬೇರೆ. ಆಡಿಯನ್ಸ್‌ನ ಲ್ಯಾಟಿನ್ ಮೂಲದಲ್ಲಿ ಕೇಳುವುದು ಇದೆ, ಚರ್ಚಿನಲ್ಲಿ ಪ್ರಾರ್ಥನೆಗೆ ಸೇರುವ ಕಾಂಗ್ರಿಗೇಶನ್‌ನ ಮೂಲದಲ್ಲಿ ಕುರಿಮಂದೆ ಇದೆ. ಮಾಬ್ ಅನ್ನುವುದು ಅತ್ತಿತ್ತ ವಾಲುವ ಜನ ಎಂಬ ಅರ್ಥದ ಲ್ಯಾಟಿನ್ ಮಾತಿನ ತುಂಡು. ನಮ್ಮಲ್ಲಿ ಬಹಳ ಸಲ ಹೆಸರು ಒಂದೇ, ‘ಜನ’. ವ್ಯತ್ಯಾಸವನ್ನೆಲ್ಲ ಕ್ರಿಯಾಪದ ಹೊರುತ್ತದೆ. ಮದುವೆಗೆ ಜನ ಕೂಡುತ್ತಾರೆ. ತೇರಿಗೆ ಜನ ನೆರೆಯುತ್ತಾರೆ. ರೇಷನ್ ಅಂಗಡಿ ಮುಂದೆ ಜನ ಮುಗಿಬೀಳುತ್ತಾರೆ. ಒಬ್ಬನ ಮೇಲೆ ಜನ ಎರಗುತ್ತಾರೆ. ಹೀಗಿರುವಾಗ ಎಲ್ಲದಕ್ಕೂ ‘ಗುಂಪು’ ಎಂದು ಬರೆದು, ಸಾಲದೆ ಬಂದಾಗ ‘ಉದ್ರಿಕ್ತ’ ಅಂಟಿಸುವುದು ಏಕೆ? ಇಂಗ್ಲಿಷ್ ಹೆಸರಿಗೆ ಕನ್ನಡ ಹೆಸರು ಹುಡುಕುವ ಬದಲು ಸರಿಯಾದ ಕ್ರಿಯಾಪದ ಹುಡುಕಿದರೆ ವಾಕ್ಯ ತಾನಾಗಿ ಸರಿಹೋಗುತ್ತದೆ.

‘ಗ್ಯಾಂಗ್’ ಬಗ್ಗೆ ನನಗೆ ಬೇರೆಯದೇ ನೋವಿದೆ. ನಮ್ಮಪ್ಪ ರೈಲ್ವೆ ಗ್ಯಾಂಗ್‌ಮನ್. ಬೀರೂರು ಅರಸೀಕೆರೆ ಕಡೆಯ ಹಳಿಯ ಮೇಲೆ ಅವರ ಆಯಸ್ಸು ಕಳೆಯಿತು. ಬೆಳಿಗ್ಗೆ ಹಾರೆ, ಸುತ್ತಿಗೆ, ಬುತ್ತಿ ಹೊತ್ತು ಹೋದರೆ ಕತ್ತಲಾದ ಮೇಲೆ ಅಂಗೈ ತುಂಬ ಬೊಬ್ಬೆ ತಂದುಕೊಂಡು ಬರುತ್ತಿದ್ದರು. ಅವ್ವ ಹರಳೆಣ್ಣೆ ಹಚ್ಚುತ್ತಿದ್ದಳು. ‘ಗ್ಯಾಂಗಿಗೆ ಹೋಗ್ಬೇಕು’ ಅಂದರೆ ನಮ್ಮ ಮನೆಯಲ್ಲಿ ದುಡಿಮೆಗೆ ಹೋಗಬೇಕು ಎಂದೇ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಗ್ಯಾಂಗ್ ಅಂದರೆ ನಡಿಗೆ, ಹೋಗುವುದು. ಆಮೇಲೆ ಜೊತೆಯಾಗಿ ಹೋಗುವವರು, ಜೊತೆಯಾಗಿ ದುಡಿಯುವವರು. ಕಳ್ಳರ ತಂಡಕ್ಕೂ ಆ ಹೆಸರು ಬಂತು. ಇಂದು ಕನ್ನಡ ಪತ್ರಿಕೆಗಳಲ್ಲಿ ಉಳಿದಿರುವುದು ಅದೊಂದೇ ಅರ್ಥ. ‘ಗ್ಯಾಂಗ್ ಬಂಧನ’ ಎಂಬ ತಲೆಬರಹ ನೋಡಿದಾಗೆಲ್ಲ ಅಪ್ಪನ ಅಂಗೈ ನೆನಪಾಗುತ್ತದೆ. ಸರಗಳ್ಳರಿಗೆ ‘ತಂಡ’ ಎಂದರೆ ಸಾಕು.

‘ಕಾಲ್ತುಳಿತ’ದ ಬಗ್ಗೆಯೂ ಯೋಚಿಸಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಇಂಗ್ಲಿಷಿನಲ್ಲಿ ‘ಸ್ಟಾಂಪೀಡ್’ ಎಂದೂ ಬರೆದರು, ‘ಕ್ರಶ್’ ಎಂದೂ ಬರೆದರು. ಸ್ಟಾಂಪೀಡ್ ಬೆದರಿದ ದನಗಳ ಓಟಕ್ಕೆ ಬಳಸುತ್ತಿದ್ದ ಪದ. ಕ್ರಶ್ ಅಂದರೆ ಜಾಗವಿಲ್ಲದೆ ಒತ್ತಿ ಅಪ್ಪಚ್ಚಿಯಾಗುವುದು. ಇಂಥ ಕಡೆ ಎಷ್ಟೋ ಜನ ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ, ಯಾರೂ ಅವರನ್ನು ತುಳಿದಿರುವುದಿಲ್ಲ. ಕಾಲ್ತುಳಿತ ಎಂದ ಕೂಡಲೇ ತಪ್ಪು ಪಕ್ಕದಲ್ಲಿದ್ದವನ ಕಾಲಿನದಾಗುತ್ತದೆ. ನೂಕುನುಗ್ಗಲು ಎಂಬ ಒಳ್ಳೆಯ ಪದ ನಮ್ಮ ಕೈಯಲ್ಲೇ ಇದೆ ಅಲ್ವಾ?

ಕೊನೆಗೆ ಧರ್ಮದೇಟಿನ ಮಾತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ಸುಪ್ರೀಂ ಕೋರ್ಟ್ ‘ಮಾಬೊಕ್ರಸಿ’ಗೆ, ಅಂದರೆ ಮಾಬ್ ನಡೆಸುವ ದರ್ಬಾರಿಗೆ, ಜಾಗ ಕೊಡಬಾರದು ಎಂದಿತು. ಹೊಸ ನ್ಯಾಯ ಸಂಹಿತೆಯ 103ನೇ ಕಲಮು, ಐದು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ ಎನ್ನುತ್ತದೆ. ಇಂಥ ಕೊಲೆಗಳು ಶುರುವಾಗುವುದು ‘ನಾಲ್ಕು ಬಿಗಿಯೋಣ’ ಅನ್ನುವಲ್ಲಿಂದಲೇ. ಆ ನಾಲ್ಕು ಏಟನ್ನು ಪತ್ರಿಕೆ ಧರ್ಮ ಎಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸಿ. ‘ಕಟ್ಟಿಹಾಕಿ ಹೊಡೆದರು’ ಎಂದು ಬರೆಯಿರಿ.

ನಮ್ಮ ಫೋಟೊಗೂ ಒಂದು ತಿದ್ದುಪಡಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಎಡಗಡೆ, ಹಸಿರು ಕೊಡ ಹಿಡಿದಿರುವವಳು ನನ್ನ ನಾದಿನಿ. ಅವಳ ಮಗ ಆ ಪುಟವನ್ನು ತಂದು ‘ಅಮ್ಮಾ, ಉದ್ರಿಕ್ತ ಅಂದ್ರೇನು?’ ಎಂದು ಕೇಳಿದ. ‘ನೀರು ಕೇಳಲು ಸೇರಿದ್ದ ಮಹಿಳೆಯರು’ ಎಂಬ ಒಂದು ಸಾಲು ಅಚ್ಚಾದರೆ ಸಾಕು. ಅದನ್ನು ಕತ್ತರಿಸಿ ಅವನ ಕೈಗೆ ಕೊಡುತ್ತೇನೆ.

— ನಿವೃತ್ತ ನ್ಯಾಯಾಲಯ ಅನುವಾದಕಿ, ಹಾಸನ ಜಿಲ್ಲೆ