ತನ್ನದೇ ಹಾಡು ಕದ್ದ ಆರೋಪ!

ಸಂಪಾದಕರೇ,

ರಾಕ್ ಗಾಯಕರು ಬಹಳ ವರ್ಷ ಸುಮ್ಮನಿದ್ದು ಮತ್ತೆ ಬಂದರೆ 'ಸ್ಫೂರ್ತಿ ಮರಳಿತು' ಎಂದು ಬರೆಯುವುದು ರೂಢಿ. ಆದರೆ ಅಮೆರಿಕದ ರಾಕ್ ಗಾಯಕ ಜಾನ್ ಫೋಗರ್ಟಿ ಅವರಿಗೆ ಹೆಚ್ಚಾಗಿ ಅಡ್ಡಬಂದಿದ್ದು ಕರಾರಿನ ಕಾಟವೇ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡಕ್ಕೆ ಅವರು ಬರೆದ ಹಾಡುಗಳ ಹಕ್ಕು ಫ್ಯಾಂಟಸಿ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯ ಕೈಯಲ್ಲಿತ್ತು. ಹತ್ತಿರ ಹತ್ತು ವರ್ಷ ಹೊಸ ಆಲ್ಬಂ ಬರಲೇ ಇಲ್ಲ. 1985ರಲ್ಲಿ 'ಸೆಂಟರ್‌ಫೀಲ್ಡ್' ಬಂತು. ಎಲ್ಲ ವಾದ್ಯಗಳನ್ನೂ ಅವರೊಬ್ಬರೇ ನುಡಿಸಿದ್ದರು. ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ತಮಾಷೆ ಶುರುವಾಗಿದ್ದೇ ಆಮೇಲೆ. ಅದರಲ್ಲಿನ ಒಂದು ಹಾಡು ಅವರೇ ಬರೆದ 1970ರ ಹಾಡಿನ ನಕಲು ಎಂದು ಫ್ಯಾಂಟಸಿ ದಾವೆ ಹೂಡಿತು! ತನ್ನ ಹಾಗೆ ತಾನೇ ಹಾಡುವುದೂ ತಪ್ಪಾ? 1988ರಲ್ಲಿ ಫೋಗರ್ಟಿ ಗಿಟಾರ್ ಹಿಡಿದೇ ಸಾಕ್ಷಿ ಕಟಕಟೆ ಹತ್ತಿದರು. ತಾವು ಹಾಡು ಕಟ್ಟುವ ಬಗೆಯನ್ನು ಅಲ್ಲೇ ನುಡಿಸಿ ತೋರಿಸಿದರು. ಜ್ಯೂರಿ ಅವರ ಪರ ನಿಂತಿತು. ಗೆದ್ದರೂ ವಕೀಲರ ಖರ್ಚನ್ನು ಫ್ಯಾಂಟಸಿಯಿಂದ ವಸೂಲು ಮಾಡಲು ಸುಪ್ರೀಂ ಕೋರ್ಟ್‌ವರೆಗೆ ಅಲೆಯಬೇಕಾಯ್ತು. ಅಲ್ಲಿ ಅವರ ಪರ ತೀರ್ಪು ಬಂದಿದ್ದು 1994ರಲ್ಲಿ. ಹಳೇ ಹಾಡುಗಳ ಹಕ್ಕಿನ ಬಹುಪಾಲು ಕೈಸೇರಿದ್ದು 2023ರಲ್ಲಿ, ಅವರ 77ನೇ ವಯಸ್ಸಿನಲ್ಲಿ.

ಇನ್ನು ಮುಂದೆ ಇಂಥ ಮರುಪ್ರವೇಶದ ಸುದ್ದಿ ಹಾಕುವಾಗ, ಹಾಡಿನ ಹಕ್ಕು ಯಾರ ಬಳಿ ಇದೆ ಎಂಬ ಒಂದು ಸಾಲನ್ನೂ ದಯವಿಟ್ಟು ಸೇರಿಸಿ.

– ಒಬ್ಬ ಓದುಗ