ನಿನ್ನ ಕರಡಿ ಅಜ್ಜನ ಬಗ್ಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಕಾರ್ಟೂನ್ ಸರಣಿಯ ಮೊದಲ ಕಂತಿನ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಕರಡು ಚಿತ್ರಗಳನ್ನು ನೋಡಿದೆ. ಅಳಿಲು ಮರಿ ತುಂಬ ಚೆನ್ನಾಗಿ ಬಂದಿದೆ. ಅದಕ್ಕೆ ಪಾಠ ಹೇಳುವ ಕರಡಿ ಅಜ್ಜನಿಗೆ ಮಾತ್ರ ಇನ್ನೂ ಜೀವ ಬಂದಿಲ್ಲ. ದೋಣಿ ಕಟ್ಟಲು ಅಳಿಲು ಹಾಕಿದ ಹಗ್ಗದ ಗಂಟು ಜಾರಿದ ಕೂಡಲೇ ಅವನು ಬಂದು ಹೇಳಿಕೊಟ್ಟುಬಿಡುತ್ತಾನೆ. 11 ನಿಮಿಷದ ಕಂತಿನಲ್ಲಿ 4ನೇ ನಿಮಿಷಕ್ಕೇ ಉತ್ತರ ಸಿಕ್ಕರೆ ಮಕ್ಕಳು ಮುಂದಕ್ಕೆ ಯಾಕೆ ನೋಡಬೇಕು? ಉತ್ತರ ಗೊತ್ತಿದ್ದೂ ಕಾಯುವಾಗಲೇ ಗುರುವಿನ ಅಕ್ಕರೆ ಕಾಣುವುದು.

ಆದರೆ ಕಾಯುವುದನ್ನೂ ಚಿತ್ರದಲ್ಲಿ ತೋರಿಸಬೇಕಲ್ಲ! ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ 24 ಚಿತ್ರಗಳ ಲೆಕ್ಕದಲ್ಲಿ ಹೇಳುತ್ತೇನೆ. ಗಂಟು ಬಿಚ್ಚಿಹೋದಾಗ ಅಜ್ಜನ ಕೈ ತಾನಾಗಿ ಮುಂದೆ ಬರಲಿ, 8 ಫ್ರೇಮ್. ಹಗ್ಗ ಇನ್ನೊಂದು ಬೆರಳಿನಷ್ಟು ದೂರವಿರುವಾಗ ನಿಲ್ಲಲಿ, 20 ಫ್ರೇಮ್. ಆಮೇಲೆ 16 ಫ್ರೇಮ್‌ಗಳಲ್ಲಿ ಮೆಲ್ಲಗೆ ಮಡಿಲಿಗೆ ಮರಳಲಿ. ಹೋದ ವೇಗದಲ್ಲೇ ಮರಳಿದರೆ ಬೆಚ್ಚಿಬಿದ್ದು ಕೈ ಹಿಂದೆಗೆದ ಹಾಗೆ ಕಾಣುತ್ತದೆ. ನಡುವಿನ 20 ಫ್ರೇಮ್‌ಗೂ ಒಂದೇ ಚಿತ್ರ ಇಟ್ಟರೆ ವಿಡಿಯೊ ಸಿಕ್ಕಿಹಾಕಿಕೊಂಡಿತು ಅನಿಸುತ್ತದೆ. ಅಲ್ಲಿ ಬೆರಳು ಹೊರಟ ದಿಕ್ಕಿನಲ್ಲೇ ಕೂದಲೆಳೆಯಷ್ಟು ಸರಿಯುತ್ತಿರಲಿ, ಉಸಿರಿಗೆ ಎದೆ ಏರಲಿ. ಕಣ್ಣು ಒಮ್ಮೆ ಮಿಟುಕಲಿ: ಮುಚ್ಚಲು 2, ಮುಚ್ಚಿರಲು 2, ತೆರೆಯಲು 4 ಫ್ರೇಮ್. ಮಿಟುಕುವ ಮುಂಚೆ ಅವನ ನೋಟ ಹಗ್ಗದ ಮೇಲಿರಲಿ, ಕಣ್ಣು ತೆರೆದಾಗ ಅಳಿಲಿನ ಮುಖದ ಮೇಲೆ. ಎಲ್ಲ ಸೇರಿ 44 ಫ್ರೇಮ್, ಎರಡು ಸೆಕೆಂಡೂ ಇಲ್ಲ. ಈ ಒಂದು ಶಾಟ್‌ಗೆ ಎರಡು ದಿನ ಹಿಡಿದರೂ ಹಿಡಿಯಲಿ.

ಮಾತು ತುಂಬ ಜಾಸ್ತಿಯಾಗಿದೆ. ತಾಳ್ಮೆಯ ಬಗ್ಗೆ ಅಜ್ಜ ಹೇಳುವ ಆರು ಸಾಲನ್ನೂ ತೆಗೆದುಹಾಕು. ಗಂಟು ಜಾರುತ್ತಿರುವುದು ಹಗ್ಗದ ತುದಿಯನ್ನು ತೀರಾ ಗಿಡ್ಡ ಬಿಟ್ಟದ್ದಕ್ಕೆ, ಅಲ್ಲವೇ? ಹಾಗಾದರೆ ಅಜ್ಜ ಕೇಳಬೇಕಾದ್ದು ಇಷ್ಟೇ: "ತುದಿ ಎಷ್ಟು ಬಿಟ್ಟೆ?" ಅಳಿಲು ತನ್ನ ಕೈ ನೋಡಿಕೊಳ್ಳುತ್ತದೆ, ಟಿವಿ ಮುಂದೆ ಕೂತ ಮಗುವೂ ಅದನ್ನೇ ನೋಡುತ್ತದೆ. ಅಳಿಲಿಗಿಂತ ಅರೆಕ್ಷಣ ಮೊದಲೇ ಮಗುವಿಗೆ ಹೊಳೆದರೆ ನೀನು ಗೆದ್ದೆ.

ಇನ್ನು ರೂಪ. ಮೂತಿಯ ಕೆಳಗೆ ಬಿಳಿ ಗಡ್ಡ ಇಳಿಬಿಟ್ಟಿದ್ದೀಯ, ನೋಡಲು ಮುದ್ದಾಗಿದೆ. ಆದರೆ ತುಟಿ ಮುಚ್ಚಿಹೋಗಿರುವುದರಿಂದ ಮಾತಿಗೆ ತಕ್ಕ ಬಾಯಿಯ ಆಕಾರಗಳು ಯಾವುವೂ ಕಾಣುವುದಿಲ್ಲ. ಒಂದೋ ಕೆಳತುಟಿ ಕಾಣುವಷ್ಟು ಜಾಗ ಬಿಡು, ಇಲ್ಲವೇ ಗಡ್ಡದ ತುದಿ ಮತ್ತು ಹುಬ್ಬಿನಿಂದಲೇ ಮಾತಾಡಿಸು. ಕನ್ನಡಕದ ಗಾಜಿಗೆ ಬಿಳಿ ಹೊಳಪು ಬೇಡ, ಕಣ್ಣಾಲಿ ಮಾಯವಾದರೆ ಒಳ್ಳೆಯವನೂ ಏನೋ ಸಂಚು ಮಾಡುತ್ತಿರುವಂತೆ ಕಾಣುತ್ತಾನೆ. ಚೌಕಳಿ ಸ್ವೆಟರ್ ಕೂಡ ಬೇಡ. ಕೈಯಲ್ಲಿ ಬಿಡಿಸುವಾಗ ಪ್ರತಿ ಚಿತ್ರದಲ್ಲೂ ಚೌಕಳಿ ಒಂಚೂರು ಜರುಗಿ ಬಟ್ಟೆ ನಡುಗಿದಂತಾಗುತ್ತದೆ. ಅಳಿಲು ಅವನ ಮೊಣಕಾಲಿಗೂ ಬರುವುದಿಲ್ಲ, ನಿಂತರೆ ಇಬ್ಬರ ಮುಖವೂ ಒಂದೇ ಚಿತ್ರದ ಚೌಕಟ್ಟಿನಲ್ಲಿ ಹಿಡಿಸದು. ಅಜ್ಜನನ್ನು ಕೂರಿಸು, ಅಳಿಲನ್ನು ದೋಣಿಯ ಅಂಚಿಗೆ ಹತ್ತಿಸು. ಕಣ್ಣಿಗೆ ಕಣ್ಣು ಸಮನಾಗಿ ಸೇರಿದಾಗ ದೈತ್ಯ ದೇಹದ ಭಯವೂ ಹೋಗುತ್ತದೆ.

ಅಜ್ಜನಿಗೂ ಅವನದೇ ಬದುಕು ಬೇಕು. 2005ರಿಂದ 2008ರವರೆಗೆ ಬಂದ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅನಿಮೇಷನ್ ಸರಣಿಯ ಐರೋ ಅಂಕಲ್‌ರನ್ನು ನೋಡು. ಎರಡನೇ ಸೀಸನ್ನಿನ ಒಂದು ಕಂತಿನಲ್ಲಿ ಅವರು ಅಳುವ ಮಗುವನ್ನು ಹಾಡಿ ಸಮಾಧಾನ ಮಾಡುತ್ತಾರೆ. ದೋಚಲು ಬಂದವನಿಗೇ ಸರಿಯಾಗಿ ನಿಲ್ಲುವುದನ್ನು ಕಲಿಸಿ ಚಹಾ ಕೊಡುತ್ತಾರೆ. ಕೊನೆಗೆ ಮರದಡಿ ತೀರಿಹೋದ ಮಗನ ಚಿತ್ರವಿಟ್ಟು ಅದೇ ಹಾಡು ಹಾಡುವಾಗ ಗಂಟಲು ಕಟ್ಟುತ್ತದೆ. ಉದ್ದುದ್ದ ವಿವರಣೆಯ ಮಾತಿಲ್ಲ. ಅವರಿಗೆ ದನಿ ಕೊಟ್ಟ ಮಾಕೊ 2006ರಲ್ಲಿ ತೀರಿಕೊಂಡರು, ಆ ಭಾಗವನ್ನು ಅವರಿಗೇ ಅರ್ಪಿಸಲಾಗಿದೆ. ನಿನ್ನ ಕರಡಿ ಅಜ್ಜನ ದೋಣಿಯಲ್ಲಿರುವ ಎರಡನೇ ಹುಟ್ಟುಗೋಲು ಯಾರದ್ದು? ಅದು ಯಾರದೆಂದು ನೀನು ತಿಳಿದಿರು, ಮೊದಲ ಕಂತಿನಲ್ಲಿ ಬರೀ ಕಾಣಿಸು.

ದನಿಯನ್ನು ಮೊದಲೇ ರೆಕಾರ್ಡ್ ಮಾಡು, ಮಾತಿನ ಮುಂಚಿನ ಉಸಿರನ್ನು ಎಡಿಟಿಂಗ್‌ನಲ್ಲಿ ಕತ್ತರಿಸಬೇಡ. ಎದೆ ಏರುವುದನ್ನು ಆ ಉಸಿರಿಗೇ ಹೊಂದಿಸಬೇಕು.

ಗಂಟು ಕೊನೆಗೂ ನಿಂತಾಗ ಅಜ್ಜ ಚಪ್ಪಾಳೆ ತಟ್ಟುವುದು ಬೇಡ. ಸುಮ್ಮನೆ ಎದ್ದು ದೋಣಿಗೆ ಕಾಲಿಟ್ಟು, ತನ್ನ ಇಡೀ ಭಾರವನ್ನು ಆ ಹಗ್ಗಕ್ಕೆ ಬಿಡಲಿ.

ತಿದ್ದಿದ ಮೇಲೆ ಅನಿಮ್ಯಾಟಿಕ್, ಅಂದರೆ ಕರಡು ಚಿತ್ರಗಳನ್ನು ದನಿಗೆ ಜೋಡಿಸಿದ ವಿಡಿಯೊ ಕಳಿಸು.

ನಿನ್ನ
ಅಮ್ಮ